ಕುರಿ ಎಣಿಸದ ಅಕ್ಕ

ನನಗೆ ಕೆಲಸ ಕಲಿಸಿದ ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಹೋದ ವಾರ ನಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರ ಕೆಲಸವನ್ನೆಲ್ಲ ಹೊಸದಕ್ಕೆ ದಾಟಿಸಬೇಕಿತ್ತು. ಮಾಲೀಕರು ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು.

"ನೋಡಮ್ಮ, ಬೆಂಗಳೂರಿಂದ ಇಂಜಿನಿಯರ್ ಬತ್ತಾರೆ. ಕಬ್ಬಾಳು, ಸಾತನೂರು ಅಂತ ಊರ ಹೆಸರು ಇಟ್ಕೊಂಡಿರೋದೆಲ್ಲ ಬೇಡ, ಡೈರಿ ಒಂದು, ಡೈರಿ ಎರಡು ಅಂತ ನಂಬರ್ ಹಾಕಿದ್ರೆ ಸಾಕು ಅಂತಾರೆ ಅವರು. ಒಂದು ಬೆಳಿಗ್ಗೆ ನೋಡಾನ. ಸರಿಯಾಗಿ ನಡೆದ್ರೆ ಹೆಸರು ತೆಗೆದುಬುಡಾನ. ಏನಂತೀಯಾ?"

"ನೋಡಾನ ಸಾರ್" ಎಂದು ಎದ್ದು ಬಂದೆ. ನನಗೆ ಥಟ್ಟನೆ ಮಾತು ಬರುವುದಿಲ್ಲ.

ಆ ಹೆಸರುಗಳನ್ನು ಇಟ್ಟವರು ಅಕ್ಕ. ಅವರ ಟಿಫನ್ ಡಬ್ಬಿ, ಚಪ್ಪಲಿ, ಮೇಜಿನ ಮೇಲಿದ್ದ ಸಣ್ಣ ಕನ್ನಡಿ, ಎಲ್ಲವನ್ನೂ ಅವರ ತಮ್ಮ ಬಂದು ತೆಗೆದುಕೊಂಡು ಹೋಗಿದ್ದರು. ಆಫೀಸಿನಲ್ಲಿ ಅವರದೆಂದು ಉಳಿದದ್ದು ಆ ಹೆಸರಿನ ಪಟ್ಟಿ ಮಾತ್ರ. ಅದೂ ಹೋಗುತ್ತದಲ್ಲ ಎಂಬ ಹೆದರಿಕೆಯಲ್ಲೇ ಅವರ ಬಗ್ಗೆ ಬರೆಯಬೇಕು ಅನ್ನಿಸಿತು. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಊರಿಗೆಲ್ಲ ಅವರು ಅಕ್ಕ. ಬಸ್ಸಿನ ಕಂಡಕ್ಟರಿಗೂ ಅಕ್ಕ, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ನಮ್ಮ ಮಾಲೀಕರಿಗೂ ಅಕ್ಕ.

ನಮ್ಮ ಆಫೀಸು ಇರುವುದು ಚನ್ನಪಟ್ಟಣದಲ್ಲಿ, ಬೊಂಬೆ ಕಡೆಯುವ ಒಂದು ಸಣ್ಣ ಕಾರ್ಖಾನೆಯ ಮಹಡಿಯ ಮೇಲೆ. ಕೆಳಗೆ ಲೇತ್ ತಿರುಗಿದರೆ ಮೇಲೆ ನಮ್ಮ ಟೀ ಲೋಟ ಸಣ್ಣಗೆ ನಡುಗುತ್ತದೆ. ಬಿಸಿ ಅರಗಿನ ವಾಸನೆ ದಿನವಿಡೀ ಇರುತ್ತದೆ. ನಮ್ಮ ಕೆಲಸ ಹಾಲಿನದು. ಸುತ್ತಲ ಹಳ್ಳಿಗಳ ಖಾಸಗಿ ಡೈರಿಗಳಲ್ಲಿ ಹಾಲಿನ ಫ್ಯಾಟ್ ನೋಡುವ ಯಂತ್ರದ ಪಕ್ಕ ನಮ್ಮದೊಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆ ಹೇಳಿದ್ದನ್ನು ಆಫೀಸಿನ ಕಂಪ್ಯೂಟರ್ ಕೇಳಿಸಿಕೊಂಡು, ಹಾಲು ಹಾಕಿದವರ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ: ಇವತ್ತು ನಿಮ್ಮ ಹಾಲು ಇಷ್ಟು ಲೀಟರ್, ಫ್ಯಾಟ್ ಇಷ್ಟು. ಕೇಳಲು ಸುಲಭ. ಆದರೆ ಹಾಲಿನ ಫ್ಯಾಟ್ ಎಂದರೆ ನಮ್ಮ ಕಡೆ ಮನೆಯ ಮರ್ಯಾದೆ. ಅದು ಕಮ್ಮಿ ಬಂದರೆ ಹಾಲಿಗೆ ನೀರು ಬೆರೆಸಿದರು ಎಂದೇ ಅರ್ಥ.

ಅಕ್ಕ ಸಾತನೂರಿನ ಹತ್ತಿರದ ಒಂದು ಹಳ್ಳಿಯವರು. ಅವರದು ಕುರಿ ಸಾಕುವ ಮನೆ. ಅಪ್ಪ ಕುರಿ ಕಾಯ್ದುಕೊಂಡೇ ಮಗಳಿಗೆ ಡಿಪ್ಲೊಮಾ ಓದಿಸಿದ್ದರು. ದಿನಾ ಸರ್ಕಾರಿ ಬಸ್ಸಿನಲ್ಲಿ ಬರುತ್ತಿದ್ದರು. ಮೆಟ್ಟಿಲು ಹತ್ತುವ ಮೊದಲೇ ಅವರ ನಗು ಹತ್ತಿ ಬರುತ್ತಿತ್ತು. ಒಳಗೆ ಬಂದವರೇ ಕಂಪ್ಯೂಟರಿನ ತಲೆಯನ್ನು ಅಂಗೈಯಿಂದ ಒಮ್ಮೆ ಸವರುತ್ತಿದ್ದರು. ಕುರಿಯ ನೆತ್ತಿ ಸವರುವುದೂ ಹಾಗೇ ಅಂತೆ. ಆಮೇಲೆ ಕೇಳುತ್ತಿದ್ದರು, "ಎಲ್ಲಾ ಬಂದವಾ?"

ನಮ್ಮ ಪ್ರಿಂಟರಿಗೆ ಅವರು 'ಚಿಕ್ಕತ್ತೆ' ಎಂದು ಹೆಸರಿಟ್ಟಿದ್ದರು. "ಕೆಲ್ಸ ಹೇಳಿದ್ರೆ ಗೊಣಗ್ತದೆ, ಹೇಳ್ದಿದ್ರೆ ಬೇಜಾರ್ ಮಾಡ್ಕತದೆ." ಒಮ್ಮೆ ಪ್ರಿಂಟರ್ ಕಂಪನಿಯವರು ಫೋನ್ ಮಾಡಿದಾಗ, "ಅತ್ತೆ ಚೆನ್ನಾಗವ್ರೆ, ಒಸಿ ಕೆಮ್ಮು" ಎಂದು ಹೇಳಿ ಇಟ್ಟುಬಿಟ್ಟರು.

ನಾನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದವಳು. ಓದಿದ್ದು ಪಿಯುಸಿ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಅಲ್ಲಿಗೆ ಬಂದ ಅಕ್ಕ ನನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದರು. "ನೀನು ಸ್ಪೇಸ್ ಸರಿಯಾಗಿ ಬುಡ್ತೀಯಾ. ನಮ್ಮಲ್ಲಿಗೆ ಬಾರಮ್ಮಿ" ಎಂದರು. ಅಷ್ಟೇ ನನ್ನ ಇಂಟರ್‌ವ್ಯೂ. ಮಾಲೀಕರು ಮೂರು ತಿಂಗಳು ನೋಡುತ್ತೇವೆ, ಆಮೇಲೆ ಹೇಳುತ್ತೇವೆ ಎಂದರು.

ಸ್ಪೇಸಿನ ಮಾತು ಯಾಕೆ ಬಂತು ಎಂಬುದು ಆಮೇಲೆ ತಿಳಿಯಿತು. ನಮ್ಮ ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳು ಕಂಟೇನರ್ ಎಂಬ ಬೇರೆ ಬೇರೆ ಗೂಡುಗಳಲ್ಲಿ ಓಡುತ್ತವೆ. ಅದೇನೆಂದು ನನಗೆ ಅರ್ಥವಾಗದೆ ಕೂತಿದ್ದಾಗ ಅಕ್ಕ ಹೇಳಿದ್ದು ಇದು:

"ಒಂದೇ ಮನೇಲಿ ಬೇರೆ ಒಲೆ ಹೂಡಿರೋ ಅಣ್ತಮ್ಮಂದಿರು ಕಣಮ್ಮಿ. ಸೂರು ಒಂದೇ, ಅಡುಗೆ ಬೇರೆ. ಇವನ ಉಪ್ಪಿನ ಡಬ್ಬಿ ಅವನ ಕೈಗೆ ಸಿಗಕಿಲ್ಲ. ಹೊರಗಿನ ಜಗಲೀಲಿ ಏನು ಬರೆದು ಅಂಟಿಸಿದ್ರೂ ಒಳಗಿರೋನಿಗೆ ಕಾಣಕಿಲ್ಲ."

ಪ್ರತಿ ಹಳ್ಳಿಯ ಪೆಟ್ಟಿಗೆಗೂ ಒಂದು ಉದ್ದನೆಯ ನಂಬರ್ ಇರುತ್ತದೆ. ಪ್ರೋಗ್ರಾಮು ಮಾತ್ರ 'ಕಬ್ಬಾಳು' ಎಂದು ಹೆಸರಿನಿಂದ ಕರೆಯುತ್ತದೆ. ಯಾವ ಹೆಸರಿಗೆ ಯಾವ ನಂಬರ್ ಎಂಬ ಪಟ್ಟಿ ಪ್ರತಿ ಕಂಟೇನರಿನ ಒಳಗೂ ಇರುತ್ತದೆ. ಅದಕ್ಕೆ ಹೋಸ್ಟ್ಸ್ ಫೈಲ್ ಎನ್ನುತ್ತಾರೆ. ಆದರೆ ಅದನ್ನು ಒಳಗೆ ಹೋಗಿ ಬರೆಯಬಾರದು. ಕಂಟೇನರನ್ನು ಎಬ್ಬಿಸುವಾಗ ಕಂಪ್ಯೂಟರ್ ಓದುವ ಕಂಪೋಸ್ ಫೈಲ್ ಎಂಬ ಇನ್ನೊಂದು ಕಡತವಿದೆ. ಅದರಲ್ಲಿ 'ಎಕ್ಸ್‌ಟ್ರಾ ಹೋಸ್ಟ್ಸ್' ಎಂಬ ಸಾಲಿನ ಕೆಳಗೆ ಹೆಸರು, ನಂಬರ್ ಬರೆಯಬೇಕು. ಆಗ ಕಂಟೇನರ್ ಏಳುವಾಗಲೇ ಆ ಹೆಸರುಗಳನ್ನು ಜೊತೆಗೆ ತರುತ್ತದೆ. ಅಲ್ಲಿ ಪ್ರತಿ ಸಾಲಿನ ಮುಂದೆ ಲೆಕ್ಕವಾಗಿ ಸ್ಪೇಸ್ ಬಿಡಬೇಕು, ಒಂದು ಹೆಚ್ಚುಕಮ್ಮಿಯಾದರೂ ಅದು ಏಳುವುದಿಲ್ಲ. "ಬಸ್ಸಲ್ಲಿ ಮೂರು ಜನದ ಸೀಟಿಗೆ ನಾಲ್ಕು ಜನ ಕೂತಂಗೆ ಮಾಡಬೇಡ" ಎನ್ನುತ್ತಿದ್ದರು ಅಕ್ಕ.

ಇಷ್ಟನ್ನೂ ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅಂದು ನನಗೆ ಇದು ಗೊತ್ತಿರಲಿಲ್ಲ. ಗೊತ್ತಾದದ್ದು ಒಬ್ಬ ಯಜಮಾನರ ಎಮ್ಮೆಯಿಂದ.

ನಾನು ಸೇರಿ ಎರಡನೇ ತಿಂಗಳು. ಅಕ್ಕ ಕುರಿಯ ತುಪ್ಪಟ ಕತ್ತರಿಸುವ ಕೆಲಸಕ್ಕೆಂದು ಮನೆಯಲ್ಲಿ ನಿಂತರು. ತುಪ್ಪಟವೆಂದರೆ ಉಣ್ಣೆ. ಅವರು ಇಲ್ಲದ ಆ ಮೂರು ದಿನಗಳಲ್ಲೇ ಕಬ್ಬಾಳಿನ ಪೆಟ್ಟಿಗೆ ಕೆಟ್ಟಿತು. ಮೆಕ್ಯಾನಿಕ್ ಅಲ್ಲಿಗೆ ಬೇರೆ ಪೆಟ್ಟಿಗೆ ಇಟ್ಟು ಹೊಸ ನಂಬರನ್ನು ನನಗೆ ಹೇಳಿದ. ಕಂಟೇನರಿನ ಒಳಗೆ ಹೋಗುವುದನ್ನು ಅಕ್ಕ ಮಾಡುವಾಗ ನೋಡಿದ್ದೆ. ನಾನೂ ಹೋದೆ. ಒಳಗಿನ ಪಟ್ಟಿಯಲ್ಲಿ ಕಬ್ಬಾಳಿನ ಹಳೆ ನಂಬರ್ ಅಳಿಸಿ ಹೊಸದನ್ನು ಬರೆದೆ. ತಕ್ಷಣ ಕಬ್ಬಾಳು ಮಾತಾಡಿತು. ಅಂದು ಮನೆಗೆ ಹೋಗುವಾಗ ಮೈಸೂರು ಪಾಕ್ ಕಟ್ಟಿಸಿಕೊಂಡು ಹೋದೆ.

ಮೆಕ್ಯಾನಿಕ್ ಕೆಟ್ಟ ಪೆಟ್ಟಿಗೆಯನ್ನು ರಿಪೇರಿ ಮಾಡಿ, ನಮ್ಮ ಜೊತೆ ಹೊಸದಾಗಿ ಸೇರಲಿದ್ದ ಸಾತನೂರಿನ ಡೈರಿಗೆ ಪ್ರಯೋಗಕ್ಕೆಂದು ಕೊಟ್ಟ. ಅದರ ಹಳೆ ನಂಬರ್ ಹಾಗೇ ಇತ್ತು. ಮೂರನೇ ದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಕಂಟೇನರ್ ಮತ್ತೆ ಎದ್ದಿತು, ಏಳುವಾಗ ಕಂಪೋಸ್ ಫೈಲಿನಲ್ಲಿದ್ದ ಹಳೆ ಪಟ್ಟಿಯನ್ನೇ ತಂದಿತು. ನಾನು ಒಳಗೆ ಬರೆದದ್ದು ಅಳಿಸಿಹೋಗಿತ್ತು. 'ಕಬ್ಬಾಳು' ಎಂದು ಕರೆದರೆ ಈಗ ಓಗೊಡುತ್ತಿದ್ದದ್ದು ಸಾತನೂರಿನ ಪೆಟ್ಟಿಗೆ. ಪರದೆಯ ಮೇಲೆ ಹನ್ನೊಂದು ಡೈರಿಗೆ ಹನ್ನೊಂದೂ ಹಸಿರು ದೀಪ. ನಾನು ನೆಮ್ಮದಿಯಾಗಿ ಟೀ ಕುಡಿದೆ.

ಒಂಬತ್ತೂವರೆಗೆ ಫೋನು ಬಂತು.

"ಯಾರವ್ವಾ ಅದು? ನನ್ ಎಮ್ಮೆ ಹಾಲಿಗೆ ಮೂರೂವರೆ ಫ್ಯಾಟು ಅಂದೋರು ಯಾರವ್ವಾ? ಮೂರೂವರೆ! ಅದು ಎಮ್ಮೆ ಕಣವ್ವಾ, ಕೊಳಾಯಿ ಅಲ್ಲ! ಡೈರೀಲಿ ಎಲ್ಲಾರೂ ಮೆಸೇಜ್ ನೋಡಿ ನಗ್ತಾ ಅವ್ರೆ. ಕಬ್ಬಾಳಮ್ಮನಾಣೆ, ಮೂರು ತಲೆಮಾರಿಂದ ನಮ್ಮನೇಲಿ ಒಂದು ತೊಟ್ಟು ನೀರು ಬೆರೆಸಿಲ್ಲ!"

ಹಾಲು ಹಾಕುವವರಿಗೆಲ್ಲ ಅವರವರ ಡೈರಿಯಲ್ಲಿ ಒಂದೊಂದು ನಂಬರ್ ಇರುತ್ತದೆ. ಸಾತನೂರಿನ ಹದಿನಾಲ್ಕನೇ ನಂಬರಿನವರ ಹಸುವಿನ ಹಾಲಿನ ಫ್ಯಾಟು ಕಬ್ಬಾಳಿನ ಹದಿನಾಲ್ಕನೇ ನಂಬರಿನ ಈ ಯಜಮಾನರ ಮೊಬೈಲಿಗೆ ಹೋಗಿತ್ತು. ಮಧ್ಯಾಹ್ನದೊಳಗೆ ಕಬ್ಬಾಳಿನ ಡೈರಿಯವರು ನಮ್ಮನ್ನೇ ಬಿಡುವ ಮಾತಾಡಿದರು. ಮಾಲೀಕರು, "ಅವರು ನಮ್ಮನ್ನ ಬುಟ್ರೆ, ನಾನು ನಿನ್ನ ಬುಡಬೇಕಾಯ್ತದೆ ಕಣಮ್ಮ" ಎಂದರು. ಅವರು ಕೆಟ್ಟವರಲ್ಲ, ಇದ್ದದ್ದನ್ನು ಹೇಳಿದರು.

ಮಾರನೇ ದಿನ ಅಕ್ಕ ಬಂದರು. ಸೀರೆಯ ಅಂಚಿನಲ್ಲಿ ಇನ್ನೂ ತುಪ್ಪಟದ ಎಳೆ ಅಂಟಿತ್ತು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಒಳಗೆ ಹೋಗಿ ಬರೆದ್ಯಾ?"

"ಹೂಂ ಅಕ್ಕ."

ಬೈಯುತ್ತಾರೆ ಎಂದುಕೊಂಡರೆ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಗತೊಡಗಿದರು. ಕೆಳಗಿನ ಕಾರ್ಖಾನೆಯವರು ಲೇತ್ ನಿಲ್ಲಿಸಿ ಮೇಲೆ ನೋಡಿದರು. "ತುಪ್ಪಟದ ಮೇಲೆ ಬಣ್ಣ ಬಳಿದುಬುಟ್ಟವ್ಳೆ ಸಾರ್ ಇವಳು! ತಪ್ಪು ನಂದು. ಕಿವಿ ಎಲ್ಲೈತೆ ಅಂತ ತೋರಿಸ್ದೆ ಹೋದೋಳು ನಾನು." ಮಾಲೀಕರಿಗೂ ನನಗೂ ಏನೂ ಅರ್ಥವಾಗಲಿಲ್ಲ. "ಏಳಮ್ಮಿ, ಕಬ್ಬಾಳಿಗೆ ಹೋಗಾನ. ಫೋನಲ್ಲಿ ತಪ್ಪಾಯ್ತು ಅನ್ನೋದು ತಪ್ಪೊಪ್ಕಳೋದಲ್ಲ, ಸಬೂಬು."

ಕಂಪೋಸ್ ಫೈಲಿನಲ್ಲಿ ಕಬ್ಬಾಳಿನ ನಂಬರ್ ಸರಿಪಡಿಸಿ, ಸಾತನೂರಿನಲ್ಲಿ ಬಸ್ಸು ಬದಲಾಯಿಸಿ ನಾವು ಕಬ್ಬಾಳಿಗೆ ಹೋದಾಗ ಸಂಜೆ ನಾಲ್ಕು ಗಂಟೆ. ಬೆಟ್ಟದ ನೆರಳು ಊರ ಮೇಲೆ ಬೀಳುತ್ತಿತ್ತು. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಬನ್ನಿ ಎನ್ನಲಿಲ್ಲ. ಒಳಗೆ ಹೋಗಿ ಎರಡು ಲೋಟ ಹಾಲು ತಂದು ನಮ್ಮ ಮುಂದೆ ಇಟ್ಟರು.

"ಕುಡೀರಿ. ಕುಡಿದು ನೀರು ಐತಾ ಹೇಳಿ."

ಅಕ್ಕ ಒಂದೇ ಉಸಿರಿಗೆ ಕುಡಿದು, ಮೇಲ್ತುಟಿಯ ಮೇಲಿನ ಬಿಳಿ ಮೀಸೆಯನ್ನು ಒರೆಸದೆ ಹೇಳಿದರು, "ನೀರಿಲ್ಲ ಗೌಡ್ರೇ. ಒಸಿ ಸಕ್ಕರೆ ಇಲ್ಲ, ಅಷ್ಟೇಯ."

ಯಜಮಾನರ ಹೆಂಡತಿ ಬಾಗಿಲ ಸಂದಿಯಿಂದ ಕಿಸಕ್ಕನೆ ನಕ್ಕರು. ಯಜಮಾನರು ನಗದೆ ಇರಲು ನೋಡಿದರು, ಆಗಲಿಲ್ಲ.

"ಇದು ಹೆಂಗಾಯ್ತು ಹೇಳವ್ವಾ ಮತ್ತೆ."

"ಕುರಿ ಗುರುತಿಗೆ ತುಪ್ಪಟದ ಮೇಲೆ ಬಣ್ಣ ಬಳಿದ್ರೆ ಏನಾಯ್ತದೆ?"

"ಕತ್ತರಿಸ್ದಾಗ ಹೋಯ್ತದೆ."

"ಅದಕ್ಕೇ ಕಿವಿಗೆ ಗುರುತು ಹಾಕ್ತೀವಿ. ಎಷ್ಟು ಸಲ ಕತ್ತರಿಸಿದ್ರೂ ಕಿವಿ ಇದ್ದಂಗೇ ಇರ್ತದೆ. ಈ ಅಮ್ಮಿ ನಿಮ್ಮೂರ ಹೆಸರನ್ನ ಕಿವಿಗೆ ಹಾಕೋ ಬದಲು ತುಪ್ಪಟಕ್ಕೆ ಬಳಿದವ್ಳೆ. ಕರೆಂಟ್ ಹೋಗಿ ಬಂತು, ಕತ್ತರಿಸ್ದಂಗಾಯ್ತು."

ಯಜಮಾನರು ನನ್ನನ್ನು ನೋಡಿ, "ಬಣ್ಣ ಬಳಿದುಬುಟ್ಯಾ?" ಎಂದರು. ನಾನು ತಲೆಯಾಡಿಸಿದೆ. "ಹೋಗ್ಲಿ ಬುಡು. ನನ್ ತಮ್ಮನೂ ಒಂದ್ಸಲ ಹಂಗೇ ಮಾಡಿ ಆರು ಕುರಿ ಯಾರ್ದು ಅಂತ ಪಂಚಾಯ್ತಿ ಆಯ್ತು." ಆಮೇಲೆ ದನಿ ಏರಿಸಿದರು. "ಆದ್ರೆ ನಕ್ಕಿದ್ದು ಡೈರೀಲಿ. ಸರಿಮಾಡೋದೂ ಡೈರೀಲೇ ಆಗಬೇಕು."

ಐದೂವರೆಗೆ ಡೈರಿಯ ಮುಂದೆ ಕ್ಯಾನು ಹಿಡಿದವರ ಸಾಲು ನಿಂತಿತ್ತು. ಡೈರಿಯವರು ಯಜಮಾನರ ಹಾಲಿನ ಫ್ಯಾಟು ನೋಡಿ ಚೀಟಿಯಲ್ಲಿ ಬರೆದರು. ಅಕ್ಕ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನು ನನ್ನ ಕಿವಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಓದಿದೆ.

"ಕೇಳಿಸ್ನಿಲ್ಲ ಕಣವ್ವಾ!" ಹಿಂದಿನಿಂದ ಯಾರೋ ಕೂಗಿದರು.

ಅಕ್ಕ ನನ್ನ ತೋಳು ಚಿವುಟಿದರು. "ಬಾಯ್ಬುಟ್ಟು ಕರೆಯಮ್ಮಿ. ಮಂದೆ ಆಚೆ ತುದೀಗೆ ಕೇಳಬೇಕು."

ಕಣ್ಣು ಮುಚ್ಚಿಕೊಂಡು ಕೂಗಿದೆ: "ಹದಿನಾಲ್ಕನೇ ನಂಬರ್ ಯಜಮಾನ್ರ ಎಮ್ಮೆ ಹಾಲು ಏಳೂವರೆ! ನಿನ್ನೆ ಮೂರೂವರೆ ಅಂದಿದ್ದು ನನ್ನ ತಪ್ಪು!"

"ಏನ್ಲಾ, ಈಗ ನಗ್ಲಾ!" ಎಂದು ಯಜಮಾನರು ಪಕ್ಕದವನ ಬೆನ್ನಿಗೆ ಗುದ್ದಿದರು. ಡೈರಿ ಉಳಿಯಿತು. ನನ್ನ ಕೆಲಸವೂ ಉಳಿಯಿತು. ಬರುವಾಗ ಆ ಮನೆಯವರು ನನಗೊಂದು ಗಿಣ್ಣಿನ ತುಂಡು ಕಟ್ಟಿಕೊಟ್ಟರು. ಅಕ್ಕ ಬಸ್ಸಿನಲ್ಲಿ ಅದರ ಅರ್ಧವನ್ನು ನನ್ನನ್ನು ಕೇಳದೆಯೇ ತಿಂದರು.

ಅದೇ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಅಪ್ಪ ಕುರಿ ಎಣಿಸುತ್ತಿರಲಿಲ್ಲ. ಸಂಜೆ ಮಂದೆಯನ್ನು ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಗೆ ಕೂಡುವಾಗ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಕರಿಮೂತಿ, ಸೊಟ್ಟಕಿವಿ, ಜಗಳಗಂಟಿ.

"ಎಣಿಸಿದ್ರೆ ಏನಾಯ್ತದೆ ಗೊತ್ತಾ? ನಮ್ಮದೊಂದು ತಪ್ಪಿಸ್ಕಂಡು ಬೇರೆಯವರದೊಂದು ಸೇರ್ಕಂಡ್ರೂ ಲೆಕ್ಕ ಸರಿಯಾಗೇ ಇರ್ತದೆ. ಕರೆದ್ರೆ ಮಾತ್ರ ಗೊತ್ತಾಯ್ತದೆ. ನೀನು ನಿನ್ನೆ ಹನ್ನೊಂದು ಎಣಿಸ್ದೆ. ಯಾರು ಅಂತ ಕೇಳ್ನಿಲ್ಲ."

"ಎಲ್ಲಾ ಕರೆದಾದ ಮೇಲೆ?" ಎಂದೆ.

"ಆಮೇಲೆ ಅವ್ವನ್ನ ಕರೀತಿದ್ರು. ಅವ್ವ ರೊಪ್ಪದೊಳಗೆ ಮರಿ ನೋಡ್ಕಂಡು ಕೂತಿರೋಳು. 'ರೊಪ್ಪದಲ್ಲಿ ಯಾರೈದೀರಾ?' ಅಂತ ಅಪ್ಪ ಕೂಗೋರು. 'ಇಲ್ಲೇ ಇವ್ನಿ' ಅನ್ನೋಳು ಅವ್ವ. ಅಲ್ಲಿಗೆ ಬೇಲಿ ಮುಚ್ಚೋದು. ಮಂದೆ ಕೂಡಿದ್ರೂ ಒಳಗೆ ಯಾರೂ ಇಲ್ದಿದ್ರೆ ಅದೇನು ರೊಪ್ಪ?"

ಮುಂದಿನ ವಾರವೇ ಅಕ್ಕ ಒಂದು ಪುಟ್ಟ ಪ್ರೋಗ್ರಾಮು ಬರೆದರು. ಪ್ರತಿ ಹಳ್ಳಿಯ ಪೆಟ್ಟಿಗೆಯಲ್ಲೂ ಅದರ ಹೆಸರನ್ನು ಬರೆದಿಟ್ಟರು. ಬೆಳಿಗ್ಗೆ ಒಂಬತ್ತಕ್ಕೆ, ಮೆಸೇಜುಗಳು ಹೋಗುವ ಮೊದಲು, ನಮ್ಮ ಕಂಪ್ಯೂಟರ್ ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತದೆ. ಆ ಕಡೆಯ ಪೆಟ್ಟಿಗೆ ತನ್ನ ಹೆಸರು ತಾನೇ ಹೇಳಬೇಕು. 'ಕಬ್ಬಾಳು?' 'ನಾನು ಕಬ್ಬಾಳು.' ಪರದೆಯ ಮೇಲೆ ಅದು ಬರೀ ಅಕ್ಷರ. ಆದರೆ ಅಕ್ಕ ಅದನ್ನು ಬಾಯಿಬಿಟ್ಟು ಓದುತ್ತಿದ್ದರು, ಊರಿಗೊಂದು ದನಿಯಲ್ಲಿ. ಕಬ್ಬಾಳಿಗೆ ಆ ಯಜಮಾನರ ಗುಡುಗು. ಸಾತನೂರಿಗೆ ಬಸ್ ಕಂಡಕ್ಟರಿನ ರಾಗ. ತಿಪ್ಪಸಂದ್ರಕ್ಕೆ, ಯಾರಿಗೂ ಕೇಳಿಸದ ನನ್ನ ಪಿಸುದನಿ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಪಟ್ಟಿಯ ಕೊನೆಯಲ್ಲಿ ಊರಲ್ಲದ ಒಂದು ಹೆಸರಿತ್ತು: ರೊಪ್ಪ. ಅದರ ಮುಂದೆ ನಂಬರೇ ಇಲ್ಲ. ಕಂಟೇನರಿನ ಒಳಗಿದ್ದುಕೊಂಡು ಹೊರಗಿನ ಕಂಪ್ಯೂಟರನ್ನೇ ಕರೆಯುವುದಕ್ಕೆ ಒಂದು ಸಿದ್ಧ ಪದವಿದೆ, ಅದನ್ನು ಹಾಕಿದ್ದರು. ನಂಬರ್ ಬರೆದರೆ ಕಂಪ್ಯೂಟರ್ ಬದಲಾದಾಗ ಅದೂ ಬದಲಾಗುತ್ತದೆ. ಆ ಪದ ಹಾಕಿದರೆ, ಕಂಟೇನರ್ ಯಾವ ಮನೆಯಲ್ಲಿ ಒಲೆ ಹೂಡಿದ್ದರೂ ಆ ಮನೆಯನ್ನೇ ಕರೆಯುತ್ತದೆ. 'ರೊಪ್ಪ?' ಎಂದು ಕರೆದರೆ ನಮ್ಮ ಹಳೆ ಕಂಪ್ಯೂಟರ್ ಇಲ್ಲೇ ಇದ್ದೇನೆಂದು ಅವರ ಅವ್ವನ ಮಾತಲ್ಲೇ ಹೇಳುತ್ತಿತ್ತು: 'ಇಲ್ಲೇ ಇವ್ನಿ.' ಅದನ್ನು ಅಕ್ಕ ತಮ್ಮ ದನಿಯಲ್ಲೇ ಓದುತ್ತಿದ್ದರು, ಸ್ವಲ್ಪ ಮೆಲ್ಲಗೆ. ಆಮೇಲೆ ಟಿಫನ್ ಡಬ್ಬಿ ತೆಗೆಯುತ್ತಿದ್ದರು.

ಒಂಬತ್ತು ವರ್ಷ ಹೀಗೆ ನಡೆಯಿತು. ಒಂದು ದಿನವೂ ಅವರು ಈ ಹಾಜರಿಯನ್ನು ತಪ್ಪಿಸಲಿಲ್ಲ. ಮಗಳ ಮದುವೆಯ ಬೆಳಿಗ್ಗೆ ಛತ್ರದಿಂದ ಫೋನ್ ಮಾಡಿ, "ಓದಮ್ಮಿ, ಕೇಳ್ತೀನಿ" ಎಂದರು. ಹಿಂದೆ ವಾಲಗ. ನಾನು ಓದಿದೆ. ಅವರು ಅಲ್ಲಿಂದ ಒಂದೊಂದು ಊರಿಗೂ "ಹಾಂ", "ಹಾಂ" ಎನ್ನುತ್ತಿದ್ದುದನ್ನು ಕೇಳಿ ಬೀಗರ ಕಡೆಯವರು ಹೆಣ್ಣಿನ ತಾಯಿ ಎಷ್ಟು ಊರಿಗೆ ಊಟ ಹಾಕಿಸುತ್ತಿದ್ದಾರೋ ಎಂದು ದಂಗಾದರಂತೆ.

ಅವರಿಗೆ ಬಂದದ್ದು ಎಲ್ಲರಿಗೂ ಬರುವಂಥ ಜ್ವರ. ಒಂದು ವಾರದಲ್ಲಿ ಹೋಗಿಬಿಟ್ಟರು. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗದು. ಅವರು ಹೋದ ಮಾರನೇ ದಿನವೂ ಒಂಬತ್ತಕ್ಕೆ ಪರದೆಯ ಮೇಲೆ ಊರುಗಳೆಲ್ಲ ಬಂದವು. ಕೊನೆಗೆ 'ಇಲ್ಲೇ ಇವ್ನಿ' ಎಂದು ಬಂತು. ನಾನು ಬಾಯಿಬಿಟ್ಟು ಓದಲಿಲ್ಲ. ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಓದಲಿಲ್ಲ, ಕಣ್ಣಲ್ಲೇ ನೋಡಿ ಸುಮ್ಮನಾಗುತ್ತಿದ್ದೆ.

ಬೆಂಗಳೂರಿಂದ ಬಂದ ಇಂಜಿನಿಯರ್ ಒಳ್ಳೆಯ ಮನುಷ್ಯ. ಅಷ್ಟರಲ್ಲಿ ನಮ್ಮ ಡೈರಿಗಳು ಹನ್ನೊಂದರಿಂದ ಹದಿನಾಲ್ಕಾಗಿದ್ದವು. ಡೈರಿ ಒಂದರಿಂದ ಹದಿನಾಲ್ಕರವರೆಗೆ ಅವರದೇ ಪಟ್ಟಿ ಸಿದ್ಧಮಾಡಿ, ಕಂಪೋಸ್ ಫೈಲಿನಲ್ಲಿ ಹಾಕಿ, ಕಂಟೇನರ್ ಎಬ್ಬಿಸಿದರು. ಪರದೆಯ ಮೇಲೆ ಹದಿನಾಲ್ಕು ಹಸಿರು ದೀಪ.

"ಫೋರ್ಟೀನ್ ಔಟ್ ಆಫ್ ಫೋರ್ಟೀನ್. ಮೆಸೇಜ್ ಬಿಡಬಹುದು ಸರ್" ಎಂದರು.

ಮಾಲೀಕರು ನನ್ನ ಕಡೆ ನೋಡಿದರು. "ಒಂದ್ನಿಮಿಷ ಸಾರ್" ಎಂದೆ. "ಒಂದ್ಸಲ ಕರೆದು ನೋಡ್ತೀನಿ."

"ಎಲ್ಲಾ ಕನೆಕ್ಟ್ ಆಗಿದೆಯಲ್ಲ ಮೇಡಂ."

"ಆಗೈತೆ. ಯಾರು ಅಂತ ಕೇಳ್ನಿಲ್ಲ."

ಅಕ್ಕನ ಪ್ರೋಗ್ರಾಮನ್ನು ಅವರ ಪಟ್ಟಿಯ ಮೇಲೆ ಓಡಿಸಿದೆ. ಡೈರಿ ಒಂದು? ನಾನು ಸಾತನೂರು. ಡೈರಿ ಎರಡು, ಮೂರು. ಡೈರಿ ನಾಲ್ಕು? ನಾನು ಕಬ್ಬಾಳು. ಮುಂದಕ್ಕೆ ಹೋಯಿತು. ಡೈರಿ ಒಂಬತ್ತು?

ನಾನು ಕಬ್ಬಾಳು.

ಕಬ್ಬಾಳು ಎರಡು ಸಲ ಬಂದಿತ್ತು. ತಿಪ್ಪಸಂದ್ರ ಬರಲೇ ಇಲ್ಲ. ಬೆರಳಚ್ಚಿಸುವಾಗ ಒಂದೇ ನಂಬರ್ ಎರಡು ಸಾಲಿನಲ್ಲಿ ಬಿದ್ದಿತ್ತು. ಎಣಿಕೆ ಸರಿಯಾಗೇ ಇತ್ತು, ನನ್ನ ತವರೂರು ಮಾತ್ರ ಆಚೆ ಉಳಿದಿತ್ತು. ಮೆಸೇಜ್ ಬಿಟ್ಟಿದ್ದರೆ ಕಬ್ಬಾಳಿನ ಎಮ್ಮೆಗಳೆಲ್ಲ ತಿಪ್ಪಸಂದ್ರಕ್ಕೆ ಬಂದುಬಿಡುತ್ತಿದ್ದವು.

ಇಂಜಿನಿಯರ್ ಪರದೆಯನ್ನು ಎರಡು ಸಲ ನೋಡಿದರು. "ಇದನ್ನ ಯಾರು ಮಾಡಿದ್ದು ಮೇಡಂ?"

ಹೇಳಲು ಹೋದೆ, ಅಷ್ಟರಲ್ಲಿ ಮಾಲೀಕರೇ ಹೇಳಿದರು. "ನಮ್ಮ ಅಕ್ಕ." ಆಮೇಲೆ ಕೈ ಬೀಸಿ, "ನಂಬರ್ ತೆಗೀರಿ ಇವ್ರೇ. ಹೆಸರೇ ಇರ್ಲಿ" ಎಂದರು.

ಅಕ್ಕನ ಪಟ್ಟಿಯನ್ನು ಹಳೆಯದರಿಂದ ಹಾಗೇ ತಂದು ಹಾಕಿದೆವು. ಮತ್ತೆ ಹಾಜರಿ. ಊರುಗಳು ಒಂದೊಂದಾಗಿ ಬಂದವು, ಕಬ್ಬಾಳು ಒಂದೇ ಸಲ ಬಂತು, ತಿಪ್ಪಸಂದ್ರ ಬಂತು. ಕೊನೆಯ ಸಾಲು.

ರೊಪ್ಪ?

ಉತ್ತರವಿಲ್ಲ.

ಮತ್ತೆ ಕರೆದೆ. ಉತ್ತರವಿಲ್ಲ. ಪಟ್ಟಿ ಸರಿಯಾಗಿತ್ತು. ಕರೆ ಹೊಸ ಕಂಪ್ಯೂಟರಿಗೆ ಮುಟ್ಟುತ್ತಿತ್ತು. ಹೇಳುವವರು ಮಾತ್ರ ಇರಲಿಲ್ಲ. ಹಳೆ ಕಂಪ್ಯೂಟರಿನಲ್ಲಿ ಹುಡುಕಿದೆ. ಅರ್ಧ ಗಂಟೆಯ ನಂತರ ಒಂದು ಮೂಲೆಯ ಫೋಲ್ಡರಿನಲ್ಲಿ ಸಿಕ್ಕಿತು, 'ಇಲ್ಲೇ ಇವ್ನಿ' ಎಂಬ ಒಂದೇ ಸಾಲಿನ ಫೈಲು, ಅದನ್ನು ಹೇಳುವ ನಾಲ್ಕು ಸಾಲಿನ ಪ್ರೋಗ್ರಾಮು. ಎರಡನ್ನೂ ಅಕ್ಕ ಆ ಕಂಪ್ಯೂಟರಿನೊಳಗೆ ಕೈಯಾರೆ ಬರೆದಿಟ್ಟಿದ್ದರು. ಕಂಪೋಸ್ ಫೈಲಿನಲ್ಲಿ ಅದರ ಸುಳಿವೇ ಇಲ್ಲ. ಯಾವ ಕಡತದಲ್ಲೂ ಇಲ್ಲ. ಹಳೆ ಕಂಪ್ಯೂಟರ್ ಗುಜರಿಗೆ ಹೋಗಿದ್ದರೆ ಅದೂ ಹೋಗುತ್ತಿತ್ತು.

ಒಂಬತ್ತು ವರ್ಷ ನನಗೆ ಪಾಠ ಹೇಳಿದ ಅಕ್ಕ, ತಮ್ಮ ಒಂದೇ ಒಂದು ಮಾತನ್ನು ತುಪ್ಪಟದ ಮೇಲೆ ಬರೆದಿದ್ದರು!

ನನಗೆ ನಗು ಬಂತು. ತಡೆಯಲು ನೋಡಿದೆ, ಇನ್ನೂ ಹೆಚ್ಚಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕೆ, ಕಣ್ಣಲ್ಲಿ ನೀರು ಇಳಿಯುವವರೆಗೆ ನಕ್ಕೆ. ಕೆಳಗೆ ಲೇತ್ ನಿಂತಿತು. ಮಾಲೀಕರು ಗಾಬರಿಯಿಂದ, "ಯಾಕಮ್ಮ, ಏನಾಯ್ತು?" ಎಂದರು.

"ಬಣ್ಣ ಬಳಿದುಬುಟ್ಟವ್ರೆ ಸಾರ್ ಅಕ್ಕ," ಎಂದೆ. "ಬಣ್ಣ ಬಳಿದುಬುಟ್ಟವ್ರೆ."

ಅವರಿಗೆ ನೆನಪಾಯಿತೋ ಇಲ್ಲವೋ, ಅವರೂ ನಕ್ಕರು.

ಆ ಮಾತಿಗೂ ಆ ನಾಲ್ಕು ಸಾಲಿಗೂ ಕಂಪೋಸ್ ಫೈಲಿನಲ್ಲಿ ಜಾಗ ಮಾಡಿದೆ. ಸ್ಪೇಸ್ ಲೆಕ್ಕ ಹಾಕಿ ಬಿಟ್ಟೆ. ಇನ್ನು ಕರೆಂಟು ಎಷ್ಟು ಸಲ ಹೋಗಿ ಬಂದರೂ, ಕಂಪ್ಯೂಟರ್ ಎಷ್ಟು ಸಲ ಬದಲಾದರೂ ಅದು ಅಳಿಸುವುದಿಲ್ಲ. ಮಾತನ್ನು ಬದಲಿಸಲಿಲ್ಲ, ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ಹೊಸ ಕಂಪ್ಯೂಟರಿನ ನೆತ್ತಿಯನ್ನು ಒಮ್ಮೆ ಸವರಿದೆ. ಪರದೆಯ ಮೇಲೆ ಅಕ್ಷರ ಮೂಡತೊಡಗಿದವು. ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದೆ. ಕಬ್ಬಾಳಿಗೆ ಯಜಮಾನರ ಗುಡುಗು ಸರಿಯಾಗಿ ಬರಲಿಲ್ಲ, ಕೆಮ್ಮು ಬಂತು. ಸಾತನೂರಿಗೆ ಕಂಡಕ್ಟರಿನ ರಾಗ ಪರವಾಗಿಲ್ಲ. ತಿಪ್ಪಸಂದ್ರಕ್ಕೆ ಪಿಸುದನಿ ಬೇಡವೆನ್ನಿಸಿತು. ಕೂಗಿದೆ. ಕೆಳಗಿನ ಕಾರ್ಖಾನೆಯಿಂದ ಯಾರೋ, "ಏನವ್ವಾ, ಅಕ್ಕ ಬಂದ್ರಾ?" ಎಂದು ಕೇಳಿದರು.

"ರೊಪ್ಪದಲ್ಲಿ ಯಾರೈದೀರಾ?" ಎಂದು, ಮಂದೆಯ ಆಚೆ ತುದಿಗೆ ಕೇಳುವಂತೆ ಕರೆದೆ.

ಇಲ್ಲೇ ಇವ್ನಿ.

ಟಿಫನ್ ಡಬ್ಬಿ ತೆಗೆದೆ.